ಯಾರ ಭಾಷೆ, ಯಾರ ನಾಲಿಗೆ?

ಇನ್ನೊಬ್ಬರ ಭಾಷೆಯನ್ನು ಕಲಿಯುವುದರಲ್ಲಿ ಸರಿ-ತಪ್ಪಿನ ಪ್ರಶ್ನೆ ಏನಾದರೂ ಇದೆಯೇ? ನಾವು ಕೇಳುತ್ತಿರುವುದು ವ್ಯಾಕರಣದ ಸರಿ-ತಪ್ಪನ್ನಲ್ಲ, ನೀತಿಯದನ್ನು. ಮೇಲ್ನೋಟಕ್ಕೆ ಇದು ಅತಿಯಾಯಿತು ಎನಿಸಬಹುದು. ಹೊಲದ ಬದು ಒತ್ತಿದರೆ ಪಕ್ಕದವನ ನೆಲ ಕಡಿಮೆಯಾಗುತ್ತದೆ. ಮಾತು ಕಲಿತರೆ ಯಾರದ್ದೂ ಏನೂ ಕಡಿಮೆಯಾಗುವುದಿಲ್ಲ. ದೀಪದಿಂದ ದೀಪ ಹಚ್ಚಿದ ಹಾಗೆ ಎಂದು ಹಿರಿಯರು ಹೇಳುವುದುಂಟು. ಪುಸ್ತಕದಿಂದ ಕಲಿಯುವವನ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಪುಸ್ತಕಕ್ಕೆ ಬೇಸರವಿಲ್ಲ, ಅದಕ್ಕೆ ಊಟದ ಹೊತ್ತಾಗುವುದಿಲ್ಲ, ಒಂದೇ ಶಬ್ದವನ್ನು ಹತ್ತು ಸಲ ತಿರುವಿ ನೋಡಿದರೂ ಅದು ಮುಖ ಗಂಟಿಕ್ಕುವುದಿಲ್ಲ. ಆದರೆ ಆಡುಮಾತು ಹಾಗಲ್ಲ. ಅದನ್ನು ಒಬ್ಬ ಮನುಷ್ಯನ ಬಾಯಿಂದಲೇ ಪಡೆಯಬೇಕು. ಆತ ತನ್ನ ಕೆಲಸವನ್ನು ಬದಿಗಿಟ್ಟು ನಮ್ಮ ಎದುರು ಕೂರಬೇಕು. ತನ್ನ ಅಜ್ಜಿ ತನಗೆ ಅನ್ನ ಉಣಿಸುತ್ತಾ ಆಡಿದ ಮಾತನ್ನು ನಮ್ಮ ಒರಟು ನಾಲಿಗೆ ಮುರಿಯುವುದನ್ನು ನೋಡಿಯೂ ನಗಬೇಕು. ನಡುವೆ ಒಬ್ಬ ಮನುಷ್ಯ ಬಂದನೆಂದರೆ ಅವನ ಹಿಂದೆಯೇ ಋಣದ ಪ್ರಶ್ನೆಯೂ ಬರುತ್ತದೆ.

ನಮಗೆ ಈ ಪ್ರಶ್ನೆ ಎದುರಾದುದು ಅರ್ಮೇನಿಯನ್ ಭಾಷೆಯಿಂದ. ಶಾರ್ಜಾದಲ್ಲಿ ದುಡಿಯುತ್ತಿದ್ದ ದಿನಗಳಲ್ಲಿ ನಾವು ಮೂವರು ಒಂದೇ ಕೋಣೆಯಲ್ಲಿದ್ದೆವು. ಇಬ್ಬರು ಕರಾವಳಿಯವರು, ಒಬ್ಬ ಹುಬ್ಬಳ್ಳಿ ಕಡೆಯವನು. ನಮ್ಮ ಕೆಲಸದ ಜಾಗದ ಪಕ್ಕದಲ್ಲಿ ಚಿನ್ನದ ಮೇಲೆ ಕೆತ್ತನೆ ಮಾಡುವ ಹಿರಿಯರೊಬ್ಬರಿದ್ದರು. ಅಲೆಪ್ಪೊ ನಗರದವರು. ಗಿರಾಕಿಗಳೊಡನೆ ಅರಬಿ, ಫೋನಿನಲ್ಲಿ ತಮ್ಮನೊಡನೆ ಬೇರೇನೋ. ಆ 'ಬೇರೇನೋ' ಏನೆಂದು ಕೇಳಿದ್ದೇ ನಮ್ಮ ಮೊದಲ ಪಾಠವಾಯಿತು. ಕೊಲ್ಲಿಯ ಊರುಗಳಲ್ಲಿ ಸಿರಿಯಾ, ಲೆಬನಾನ್‌ಗಳಿಂದ ಬಂದ ಅರ್ಮೇನಿಯನ್ನರು ಮೊದಲಿನಿಂದಲೂ ಇದ್ದಾರೆ. ಶಾರ್ಜಾದಲ್ಲಿ ಅವರದೇ ಚರ್ಚ್ ಕೂಡ ಇದೆ. ಆದರೆ ನಮ್ಮವರ ಕಣ್ಣಿಗೆ ಅವರು 'ಒಬ್ಬ ಅರಬಿ' ಅಷ್ಟೇ. ನಮ್ಮನ್ನೆಲ್ಲ ಅಲ್ಲಿಯವರು 'ಹಿಂದಿ' ಎಂದು ಒಂದೇ ಗೋಣಿಯಲ್ಲಿ ತುಂಬಿದಂತೆ.

ಅರ್ಮೇನಿಯನ್ನರು ತಮ್ಮನ್ನು ತಾವು ಆ ಹೆಸರಿನಿಂದ ಕರೆದುಕೊಳ್ಳುವುದಿಲ್ಲ. ಅವರು 'ಹಾಯ್', ಅವರ ಮಾತು 'ಹಾಯೆರೆನ್', ಅವರ ದೇಶ 'ಹಾಯಸ್ತಾನ್'. ಇಂಡೋ-ಯುರೋಪಿಯನ್ ಕುಟುಂಬದಲ್ಲಿ ಈ ಭಾಷೆ ತನ್ನದೇ ಒಂದು ಒಂಟಿ ಕವಲು. ಕ್ರಿ.ಶ. 405ರ ಸುಮಾರಿಗೆ ಮೆಸ್ರೋಪ್ ಮಾಶ್ತೋತ್ಸ್ ಎಂಬ ಸಂತ ಅದಕ್ಕೆ 36 ಅಕ್ಷರಗಳ ಲಿಪಿಯನ್ನು ರೂಪಿಸಿದ. ಇಂದಿಗೂ ಶಾಲೆಗೆ ಸೇರಿದ ಮಕ್ಕಳನ್ನು ಓಶಾಕಾನ್ ಎಂಬ ಹಳ್ಳಿಯಲ್ಲಿರುವ ಅವನ ಗೋರಿಯ ಬಳಿಗೆ ಕರೆದೊಯ್ಯುವ ರೂಢಿಯಿದೆ. ಅನುವಾದಕರನ್ನು ಸಂತರೆಂದು ಗೌರವಿಸಿ, ಅಕ್ಟೋಬರ್ ತಿಂಗಳಲ್ಲಿ ಅವರ ಹೆಸರಿನಲ್ಲಿ ಹಬ್ಬ ಆಚರಿಸುವ ಜನ ಇವರು. ಅಕ್ಷರದ ಮೇಲೆ ಇವರಿಗಿರುವ ಪ್ರೀತಿಗೆ ಇನ್ನೊಂದು ಸಾಕ್ಷಿ ಬೇಕಿದ್ದರೆ ಯೆರೆವಾನಿನ ಮಾತೆನಾದಾರಾನ್ ಹಸ್ತಪ್ರತಿ ಭಂಡಾರದಲ್ಲಿ ಒಂದು ಭಾರೀ ಗ್ರಂಥವಿದೆ. ಸುಮಾರು 28 ಕಿಲೊ ತೂಕದ್ದು. 1915ರಲ್ಲಿ ಮುಶ್ ಪ್ರದೇಶದಿಂದ ಜೀವ ಉಳಿಸಿಕೊಂಡು ಓಡುತ್ತಿದ್ದ ಇಬ್ಬರು ಹೆಂಗಸರು ಅದನ್ನು ಎರಡು ಭಾಗ ಮಾಡಿ ಹೊತ್ತು ಸಾಗಿಸಿದರು. ಒಬ್ಬಾಕೆ ದಾರಿಯಲ್ಲೇ ತೀರಿಕೊಂಡಳು. ಎರಡೂ ಭಾಗಗಳು ಕೊನೆಗೆ ಒಂದಾದವು.

ಹೀಗೆ ಲಿಪಿಗೆ ಹೆಸರಾದ ಭಾಷೆಯನ್ನು ಲಿಪಿಯ ಗೊಡವೆಯೇ ಇಲ್ಲದೆ, ಬರೇ ಕಿವಿಯಿಂದ ಕಲಿಯಲು ಹೊರಟವರು ನಾವು. ಕನ್ನಡದವರಿಗೆ ಅದು ಅಷ್ಟೇನೂ ಕಠಿಣವಲ್ಲ. 'ತುನ್' ಎಂದರೆ ಮನೆ, 'ತ್ನೆರ್' ಎಂದರೆ ಮನೆಗಳು, 'ತ್ನೆರುಮ್' ಎಂದರೆ ಮನೆಗಳಲ್ಲಿ. ಮೊದಲು ಬಹುವಚನ, ಅದರ ಬೆನ್ನಿಗೆ ವಿಭಕ್ತಿ, ನಮ್ಮಲ್ಲಿರುವಂತೆಯೇ. ನೀನು-ನೀವು ಎಂಬ ಭೇದವೂ ಇದೆ. ಅವನು, ಅವಳು, ಅದು ಎಂಬ ಭೇದ ಮಾತ್ರ ಇಲ್ಲ. ಎಲ್ಲಕ್ಕೂ ಒಂದೇ ಸರ್ವನಾಮ. ಗಂಟಲಿನಿಂದ ಹೊರಡುವ ಖ, ಗ್ಹಗಳು ಅರಬಿ, ಉರ್ದು ಗೊತ್ತಿರುವ ನಾಲಿಗೆಗೆ ತಾವಾಗಿಯೇ ಬರುತ್ತವೆ. ಪಾರ್ಸಿಯ ಕಡೆಯಿಂದ ಹೋದ ಶಬ್ದಗಳಂತೂ ಹಳೆಯ ನೆಂಟರಂತೆ ಸಿಗುತ್ತವೆ: ಹಜಾರ್ ಎಂದರೆ ಸಾವಿರವೇ, ಶಕರ್ ಎಂದರೆ ಸಕ್ಕರೆಯೇ, ಬಖ್ತ್ ಎಂದರೆ ಅದೃಷ್ಟವೇ. 'ನಮಕ್' ಎಂದರೆ ಮಾತ್ರ ಉಪ್ಪಲ್ಲ, ಕಾಗದ. ಅಂಚೆಯಲ್ಲಿ ಬರುವ ಪತ್ರ. ಹುಬ್ಬಳ್ಳಿಯ ಗೆಳೆಯ ಇದನ್ನು ಕೇಳಿ ದಿನವಿಡೀ ನಗುತ್ತಿದ್ದ.

ಆದರೆ ನಗುವಷ್ಟಕ್ಕೇ ನಿಲ್ಲದ ಒಂದು ತೊಡಕು ಬಹುಬೇಗ ಎದುರಾಯಿತು. ಅರ್ಮೇನಿಯನ್ ಒಂದಲ್ಲ, ಎರಡು. ಅರ್ಮೇನಿಯಾ ದೇಶದಲ್ಲಿ, ಇರಾನಿನಲ್ಲಿ ಆಡುವುದು ಪೂರ್ವದ ಅರ್ಮೇನಿಯನ್. ಬೈರುತ್, ಅಲೆಪ್ಪೊ, ಇಸ್ತಾಂಬುಲ್‌ಗಳಲ್ಲಿ, ಅಲ್ಲಿಂದ ಫ್ರಾನ್ಸ್, ಅಮೆರಿಕಗಳಿಗೆ ಹೋದವರ ಮನೆಗಳಲ್ಲಿ ಆಡುವುದು ಪಶ್ಚಿಮದ ಅರ್ಮೇನಿಯನ್. ಒಂದೇ ಅಕ್ಷರವನ್ನು ಇವರು 'ಬ' ಎಂದರೆ ಅವರು 'ಪ' ಎನ್ನುತ್ತಾರೆ. ನಮಸ್ಕಾರಕ್ಕೆ ಯೆರೆವಾನಿನಲ್ಲಿ 'ಬರೆವ್', ಅಲೆಪ್ಪೊದಲ್ಲಿ 'ಪರೆವ್'. ನೀರು ಅಲ್ಲಿ 'ಜೂರ್', ಇಲ್ಲಿ 'ಚೂರ್'. ಒಂದು ಚೂರು ನೀರು ಎಂದರೆ ನಮಗೆ ಎರಡು ಭಾಷೆಯಲ್ಲೂ ಕೆಲಸವಾಗುತ್ತಿತ್ತು. ಕ್ರಿಯಾಪದವೂ ಬೇರೆ: ನಾನು ಮಾತಾಡುತ್ತೇನೆ ಎನ್ನಲು ಅವರು 'ಖೊಸುಮ್ ಎಮ್' ಎಂದರೆ ಇವರು 'ಗೆ ಖೊಸಿಮ್' ಎನ್ನುತ್ತಾರೆ. ಸೋವಿಯತ್ ಆಡಳಿತ 1922ರಲ್ಲಿ ಕಾಗುಣಿತವನ್ನು ಬದಲಿಸಿದ ಮೇಲೆ ಬರೆಯುವ ಕ್ರಮದಲ್ಲೂ ಇಬ್ಬರದು ಎರಡು ದಾರಿಯಾಯಿತು.

ಅದೇ ಬೀದಿಯ ಸುಗಂಧದಂಗಡಿಯಲ್ಲಿ ಯೆರೆವಾನಿನಿಂದ ಬಂದ ಯುವತಿಯೊಬ್ಬಳು ಕೆಲಸಕ್ಕಿದ್ದಳು. ನಮ್ಮ 'ಪರೆವ್' ಕೇಳಿ ಆಕೆ ನಕ್ಕಳು, "ಇದನ್ನು ಯಾವ ಅಜ್ಜನ ಹತ್ತಿರ ಕಲಿತಿರಿ?" ಎಂದಳು. 'ಬರೆವ್' ಎಂದು ಹೇಳಿಸಿದಳು. ಆ 'ಬರೆವ್' ಅನ್ನು ನಾವು ಮರುದಿನ ಅಮ್ಮೊ ಅವರ ಮುಂದೆ ಹೇಳಿದಾಗ (ಅಮ್ಮೊ ಎಂದರೆ ಆ ಕಡೆಯ ಅರಬಿಯಲ್ಲಿ ಚಿಕ್ಕಪ್ಪ, ನಾವು ಅವರನ್ನು ಹಾಗೆಯೇ ಕರೆಯುತ್ತಿದ್ದೆವು) ಅವರು ಮುಖ ಮೇಲೆತ್ತಲಿಲ್ಲ. "ಅದು ಸರ್ಕಾರದ ಭಾಷೆ ಹೋಕಿಸ್, ಮನೆಯದಲ್ಲ" ಎಂದರು. 'ಹೋಕಿಸ್' ಎಂದರೆ 'ನನ್ನ ಪ್ರಾಣವೇ'. ಸಿಟ್ಟಿನಲ್ಲೂ ಆ ಸಂಬೋಧನೆಯನ್ನು ಅವರು ಬಿಡುತ್ತಿರಲಿಲ್ಲ.

ಇಲ್ಲಿ ಕಲಿಯುವವನ ಧರ್ಮ ಏನು? ಯೆರೆವಾನಿನ ಮಾತಿಗೆ ದೇಶವಿದೆ, ಶಾಲೆಯಿದೆ, ದೂರದರ್ಶನವಿದೆ. ಅಮ್ಮೊ ಅವರ ಮಾತಿಗೆ ಯಾವ ದೇಶವೂ ಇಲ್ಲ. ಪಶ್ಚಿಮದ ಅರ್ಮೇನಿಯನ್ ಅಳಿವಿನ ಅಂಚಿನ ಭಾಷೆಗಳಲ್ಲಿ ಒಂದೆಂದು ಯುನೆಸ್ಕೊ 2010ರಲ್ಲಿ ಗುರುತಿಸಿತು. ಉಪಯುಕ್ತತೆಯ ಲೆಕ್ಕ ಹಾಕಿದರೆ ಯೆರೆವಾನಿನದನ್ನೇ ಕಲಿಯಬೇಕು. ಯಾವ ಭಾಷಾ ಶಿಕ್ಷಕನೂ ಅದನ್ನೇ ಹೇಳುತ್ತಾನೆ. ಆದರೆ ಒಬ್ಬರು ದಿನವೂ ಚಹಾ ಕೊಟ್ಟು ಕಲಿಸಿದ ಮಾತನ್ನು, ಅದು ಅಷ್ಟಾಗಿ ಚಲಾವಣೆಯಲ್ಲಿಲ್ಲ ಎಂಬ ಕಾರಣಕ್ಕೆ ತಿದ್ದಿಕೊಳ್ಳುವುದು ಸರಿಯೇ? ನಾವು ತಿದ್ದಿಕೊಳ್ಳಲಿಲ್ಲ. ಅಂಗಡಿಯ ಯುವತಿಯೂ ಸ್ವಲ್ಪ ದಿನದಲ್ಲಿ ನಮ್ಮನ್ನು ತಿದ್ದುವುದು ಬಿಟ್ಟು, ತನ್ನ ಮುತ್ತಜ್ಜಿಯ ಮಾತೂ ಹೀಗೆಯೇ ಇತ್ತಂತೆ ಎಂದಳು. ಕಲಿತವನ ಉಚ್ಚಾರಣೆಯಲ್ಲಿ ಕಲಿಸಿದವನ ಊರು ಉಳಿದಿರುತ್ತದೆ. ಅದನ್ನು ಅಳಿಸದೆ ಇರುವುದೂ ಒಂದು ಬಗೆಯ ಕೃತಜ್ಞತೆ ಎಂದು ನಮಗೆ ಅನಿಸುತ್ತದೆ. ಒಪ್ಪದವರೂ ಇರಬಹುದು.

ಸಂಭಾಷಣೆ ಕಲಿಸುವ ಯಾವ ಕೈಪಿಡಿ ತೆರೆದರೂ ಮೊದಲ ಪುಟಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ನೀವು ಎಲ್ಲಿಯವರು? ಅಮ್ಮೊ ಅವರ ಮಾತಿನಲ್ಲಿ 'ಊರ್ ದೆಗ್ಹಾತ್ಸಿ ಎಕ್?' ಅವರಲ್ಲಿ 'ಊರ್' ಎಂದರೆ 'ಎಲ್ಲಿ' ಎಂದರ್ಥ. ನಮ್ಮ 'ಊರು' ಅವರಲ್ಲಿ ಬರೀ ಪ್ರಶ್ನೆ. ಇದು ಕೇವಲ ಕಾಕತಾಳೀಯ. ಭಾಷಾಶಾಸ್ತ್ರದ ಸಂಬಂಧ ಏನೂ ಇಲ್ಲ. ಆದರೂ ಅದು ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಕೈಪಿಡಿಯಲ್ಲಿ ಈ ಪ್ರಶ್ನೆಗೆ ಒಂದು ಸಾಲಿನ ಉತ್ತರವಿರುತ್ತದೆ: ನಾನು ಇಂಥ ಊರಿನವನು. ಅಮ್ಮೊ ಅವರ ಉತ್ತರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಹುಟ್ಟಿದ್ದು ಅಲೆಪ್ಪೊದಲ್ಲಿ. ಆದರೆ ಅವರ ಅಜ್ಜಿ ಮರಾಶ್‌ನವಳು. ಮನೆಯಲ್ಲಿ ಎಲ್ಲರೂ ಕೊನೆಯವರೆಗೂ 'ನಾವು ಮರಾಶ್‌ನವರು' ಎಂದೇ ಹೇಳಿಕೊಂಡರು. ಮರಾಶ್ ಈಗ ತುರ್ಕಿಯಲ್ಲಿದೆ. ಅವರು ಅದನ್ನು ಕಂಡಿರಲೇ ಇಲ್ಲ. 2011ರ ನಂತರ ಸಿರಿಯಾದಲ್ಲಿ ಯುದ್ಧ ಹೊತ್ತಿಕೊಂಡ ಮೇಲೆ ಅಲೆಪ್ಪೊದ ಮನೆಯೂ ಕೈಬಿಟ್ಟಿತು. ತಮ್ಮ ಯೆರೆವಾನಿಗೆ ಹೋದ, ಇವರು ಕೊಲ್ಲಿಗೆ ಬಂದರು. ಮೊದಲ ಪಾಠದ ಪ್ರಶ್ನೆಗೆ ಉತ್ತರ ಮುಗಿಯಲು ಮೂರು ಸಂಜೆ ಬೇಕಾಯಿತು.

ಮೂರನೆಯ ಸಂಜೆ 'ವೊರ್ಪ್' ಎಂಬ ಶಬ್ದ ಬಂತು. ಅನಾಥ ಎಂದು ಅರ್ಥ. ಅಜ್ಜಿಯ ಬಗ್ಗೆ ಹೇಳುತ್ತಾ ಬಂದ ಶಬ್ದ. ಒಟ್ಟೋಮನ್ ಆಡಳಿತ 1915ರಿಂದ ಅನಾತೋಲಿಯಾದ ಅರ್ಮೇನಿಯನ್ನರನ್ನು ಹೊರದಬ್ಬಿ ಸಿರಿಯಾದ ಮರಳುಗಾಡಿನ ಕಡೆಗೆ ನಡೆಸಿತು. ಲಕ್ಷಾಂತರ ಜನ ಕೊಲೆಯಾದರು, ಹಸಿವಿನಿಂದ ಸತ್ತರು. ಇತಿಹಾಸಕಾರರಲ್ಲಿ ಬಹುತೇಕರು ಇದನ್ನು ಜನಾಂಗ ಹತ್ಯೆ ಎನ್ನುತ್ತಾರೆ. ತುರ್ಕಿಯ ಸರ್ಕಾರ ಆ ಹೆಸರನ್ನು ಒಪ್ಪಿಲ್ಲ. ನಮ್ಮ ಹುಬ್ಬಳ್ಳಿಯ ಗೆಳೆಯ ಪ್ರತಿ ಹೊಸ ಶಬ್ದವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವನು. 'ವೊರ್ಪ್' ಬಂದಾಗ ಅವನು ಪೆನ್ನಿನ ಕ್ಯಾಪ್ ಹಾಕಿ ಪುಸ್ತಕವನ್ನು ಮುಚ್ಚಿ ಬದಿಗಿಟ್ಟ. ಆ ಕ್ಷಣದಲ್ಲಿ ಅವನು ವಿದ್ಯಾರ್ಥಿಯಾಗಿ ಉಳಿಯಲಿಲ್ಲ, ಕೇಳುಗನಾದ. ಮಾತು ಕಲಿಯುವವನ ನೀತಿ ಎಂಬುದೊಂದು ಇದ್ದರೆ ಅದರ ಬಹುಭಾಗ ಇಲ್ಲಿದೆ ಎಂದು ನಮಗೆ ತೋರುತ್ತದೆ. ಎದುರಿಗಿರುವವನು ಶಬ್ದಗಳ ಚೀಲ ಅಲ್ಲ. ಅವನು ದುಃಖವನ್ನು ಹೇಳುತ್ತಿರುವಾಗ "ಈಗ ಹೇಳಿದ್ದು ಭೂತಕಾಲವೋ?" ಎಂದು ಕೇಳುವವನು ಭಾಷೆಯನ್ನು ಬೇಗ ಕಲಿಯಬಹುದು. ಆದರೆ ಯಾರ ಜೊತೆ ಮಾತಾಡಲೆಂದು ಕಲಿಯುತ್ತಿದ್ದನೋ ಅವನನ್ನೇ ಕಳೆದುಕೊಂಡಿರುತ್ತಾನೆ.

ನಾವು ಮುಸ್ಲಿಮರೆಂಬುದು ಅಮ್ಮೊ ಅವರಿಗೆ ಗೊತ್ತಿತ್ತು. ಅಜ್ಜಿಯನ್ನು ದಾರಿಯಿಂದ ಎತ್ತಿಕೊಂಡು ಹೋಗಿ ನಾಲ್ಕು ವರ್ಷ ಮಗಳಂತೆ ಸಾಕಿದ್ದು ಒಂದು ಅರಬ್ ಕುಟುಂಬ ಎಂದು ಅವರು ಹೇಳಿದರು. ಆಗ ನಮಗೆ ಒಳಗೊಳಗೇ ಹಗುರವಾಯಿತು. ಮಕ್ಕಾದ ಶರೀಫ್ ಹುಸೈನ್ ಆ ಕಾಲದಲ್ಲಿ ಅರ್ಮೇನಿಯನ್ನರನ್ನು ತಮ್ಮ ಮನೆಯವರಂತೆ ಕಾಪಾಡಬೇಕೆಂದು ಪತ್ರ ಬರೆದಿದ್ದರು ಎಂಬುದೂ ನೆನಪಾಯಿತು. ಆದರೆ ಆ ಹಗುರವನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕಾಗುತ್ತದೆ. ಕೊಂದವರ ಪಾಪ ನಮಗೆ ತಟ್ಟುವುದಿಲ್ಲ, ಏಕೆಂದರೆ ಅವರು ಯಾರೋ ನಾವು ಯಾರೋ ಎಂದು ವಾದಿಸುವುದಾದರೆ, ಸಾಕಿದವರ ಪುಣ್ಯವೂ ನಮ್ಮದಲ್ಲ, ಅವರೂ ಯಾರೋ. ಎರಡರಲ್ಲಿ ಒಂದನ್ನು ಮಾತ್ರ ಕೈಚಾಚಿ ತೆಗೆದುಕೊಳ್ಳುವುದು ನ್ಯಾಯದ ತಕ್ಕಡಿ ಅಲ್ಲ. ಕೇಳಿಸಿಕೊಳ್ಳುವವನು ವಕೀಲನಾಗಬಾರದು, ಯಾರ ಪರವಾಗಿಯೂ. ಅಮ್ಮೊ ನಮ್ಮಿಂದ ಕ್ಷಮೆಯನ್ನೂ ಕೇಳಲಿಲ್ಲ, ಸಮರ್ಥನೆಯನ್ನೂ ಕೇಳಲಿಲ್ಲ. ಕತೆ ಮುಗಿದ ಮೇಲೆ 'ವೊರ್ಪ್' ಶಬ್ದದ ಬಹುವಚನವನ್ನು ತಾವಾಗಿಯೇ ಹೇಳಿಕೊಟ್ಟರು.

ಈ ಸಂದರ್ಭದಲ್ಲಿ ಅರ್ಮೇನಿಯನ್ ಕಲಿತ ಹೊರಗಿನವರಲ್ಲಿ ಅತ್ಯಂತ ಪ್ರಸಿದ್ಧನಾದ ಒಬ್ಬನನ್ನು ನೆನೆಯಬಹುದು. ಇಂಗ್ಲಿಷ್ ಕವಿ ಬೈರನ್. 1816ರ ಕೊನೆಯಲ್ಲಿ ಆತ ವೆನಿಸ್‌ನಲ್ಲಿದ್ದ. ಅಲ್ಲಿ ಸಾನ್ ಲಾಜಾರೊ ಎಂಬ ಪುಟ್ಟ ದ್ವೀಪದಲ್ಲಿ ಅರ್ಮೇನಿಯನ್ ಸನ್ಯಾಸಿಗಳ ಮಠವಿದೆ. 1717ರಿಂದಲೂ ಅದು ಅವರ ನೆಲೆ. ಬೈರನ್ ದೋಣಿಯಲ್ಲಿ ಹೋಗಿ ಹಾರುತ್ಯುನ್ ಅವ್ಗೇರ್ಯಾನ್ ಎಂಬ ಪಾದ್ರಿಯ ಬಳಿ ಪಾಠ ಹೇಳಿಸಿಕೊಂಡ. ಕಲಿಯಲು ಅವನೇ ಕೊಟ್ಟುಕೊಂಡ ಕಾರಣ, ತನ್ನ ಮನಸ್ಸು ಅಪ್ಪಳಿಸಿಕೊಳ್ಳಲು ಒಂದು ಒರಟು ಬಂಡೆ ಬೇಕಾಗಿತ್ತು ಎಂಬುದು. ಎಂದರೆ ಅವನಿಗೆ ಆ ಭಾಷೆ ಸಾಣೆಕಲ್ಲು. ಇದನ್ನು ನಾವು ತಪ್ಪೆನ್ನಲಾರೆವು. ಇಂಗ್ಲಿಷ್ ಬಲ್ಲವರಿಗಾಗಿ ಆ ಪಾದ್ರಿ ಹೊರತಂದ ವ್ಯಾಕರಣಕ್ಕೆ ಅವನು ಕೈಜೋಡಿಸಿದ. ಅವನ ಕೋಣೆಯನ್ನು ಮಠದವರು ಇಂದಿಗೂ ತೋರಿಸುತ್ತಾರೆ. ಆದರೆ ಆ ವ್ಯಾಕರಣಕ್ಕೆಂದು ಬೈರನ್ ಬರೆದ ಮುನ್ನುಡಿಯಲ್ಲಿ ತುರ್ಕಿ ಮತ್ತು ಪಾರಸಿ ಆಳರಸರ ಮೇಲೆ ಬಿರುಸಾದ ಮಾತುಗಳಿದ್ದವು. ಪಾದ್ರಿ ಅದನ್ನು ಪುಸ್ತಕದಲ್ಲಿ ಹಾಕಲಿಲ್ಲ. ಆ ಆಡಳಿತಗಳ ಅಡಿಯಲ್ಲೇ ಬದುಕಬೇಕಿದ್ದ ತನ್ನ ಜನರನ್ನು ನೆನೆದರೆ ಕಾರಣ ಊಹಿಸುವುದು ಕಷ್ಟವಲ್ಲ. ಶಿಷ್ಯ ವೆನಿಸ್‌ನಲ್ಲಿ ಕುಳಿತು ಸಿಟ್ಟಾಗುತ್ತಾನೆ. ಆ ಸಿಟ್ಟಿನ ಬೆಲೆ ತೆರುವವರು ಬೇರೆಯೇ ಊರಿನಲ್ಲಿರುತ್ತಾರೆ. ಕಲಿತ ಭಾಷೆಯವರ ಪರವಾಗಿ ಅವರಿಗಿಂತ ಜೋರಾಗಿ ಕೂಗುವುದು ಕೂಡ ಒಂದು ಬಗೆಯ ಒತ್ತುವರಿಯೇ.

ಹಾಗಾದರೆ ಭಾಷೆ ಯಾರದ್ದು? ಮಾತೃಭಾಷಿಕರದ್ದು ಎಂಬ ಉತ್ತರ ಸುಲಭ. ಆದರೆ ಮಾತೃಭಾಷಿಕ ಎಂದರೆ ಯಾರು ಎಂದು ಕೇಳಿದರೆ ಅರ್ಮೇನಿಯನ್ನರ ಇತಿಹಾಸವೇ ಆ ಸುಲಭವನ್ನು ಕೆಡಿಸಿಬಿಡುತ್ತದೆ. ಇಸ್ತಾಂಬುಲ್‌ನಲ್ಲಿ 1996ರಲ್ಲಿ ತುರ್ಕಿ ಮತ್ತು ಅರ್ಮೇನಿಯನ್ ಎರಡೂ ಭಾಷೆಯಲ್ಲಿ 'ಆಗೋಸ್' ಎಂಬ ವಾರಪತ್ರಿಕೆ ಆರಂಭಿಸಿ, 2007ರ ಜನವರಿ 19ರಂದು ಅದರ ಕಚೇರಿಯ ಎದುರೇ ಕೊಲೆಯಾದ ಪತ್ರಕರ್ತ ಹ್ರಾಂತ್ ದಿಂಕ್ ಅವರ ಪತ್ನಿ ರಾಕೆಲ್ ದಿಂಕ್ ಹುಟ್ಟಿನಿಂದ ಅರ್ಮೇನಿಯನ್. ಆದರೆ ಅವರ ಬಾಲ್ಯದ ಮಾತು ಕುರ್ದಿಶ್. ಅರ್ಮೇನಿಯನ್ ಅನ್ನು ಅವರು ಇಸ್ತಾಂಬುಲ್‌ಗೆ ಬಂದ ಮೇಲೆ, ಇತರರಿಂದ ಕಲಿತರು. ಅದೇ ಕುಟುಂಬದ ವಕೀಲೆಯಾಗಿದ್ದ ಫೆತಿಯೆ ಚೆತಿನ್ ಬೆಳೆದದ್ದು ಮುಸ್ಲಿಮ್ ತುರ್ಕಿ ಹುಡುಗಿಯಾಗಿ. ತನ್ನ ಅಜ್ಜಿಯ ಹುಟ್ಟು ಹೆಸರು ಹೆರಾನುಶ್, ಆಕೆ 1915ರ ದಾರಿಯಿಂದ ಕಿತ್ತು ತಂದ ಅರ್ಮೇನಿಯನ್ ಮಗು ಎಂಬುದು ಫೆತಿಯೆಗೆ ತಿಳಿದದ್ದು ದೊಡ್ಡವಳಾದ ಮೇಲೆ. 2004ರಲ್ಲಿ ಆಕೆ ಇದನ್ನು ಪುಸ್ತಕವಾಗಿ ಬರೆದಾಗ ತುರ್ಕಿಯ ಎಷ್ಟೋ ಮನೆಗಳಲ್ಲಿ ಅಜ್ಜಿಯರ ಬಗ್ಗೆ ಪಿಸುಮಾತು ಶುರುವಾಯಿತು. ದಿಯಾರ್‌ಬಕಿರ್‌ನ ಹಳೆಯ ಅರ್ಮೇನಿಯನ್ ಚರ್ಚ್ 2011ರಲ್ಲಿ ದುರಸ್ತಿಗೊಂಡು ತೆರೆದ ನಂತರದ ವರ್ಷಗಳಲ್ಲಿ ಆ ಊರಿನಲ್ಲಿ ಅರ್ಮೇನಿಯನ್ ಕಲಿಸುವ ತರಗತಿಗಳೂ ನಡೆದವು. ಮುಸ್ಲಿಮರಾಗಿ ಬೆಳೆದ ಮೊಮ್ಮಕ್ಕಳು, ತಮ್ಮ ಅಜ್ಜಿ ನುಂಗಿಕೊಂಡು ಬದುಕಿದ ಭಾಷೆಯನ್ನು ಬೆಂಚಿನ ಮೇಲೆ ಕುಳಿತು, ಅ-ಆ-ಇ-ಈ ಎಂಬಂತೆ ಶುರುಮಾಡಿದರು. ಅವರು ಆ ಭಾಷೆಗೆ ಒಳಗಿನವರೋ ಹೊರಗಿನವರೋ?

ಇನ್ನೂ ಒಂದು ಉದಾಹರಣೆ. ಕಪ್ಪು ಸಮುದ್ರದ ತೀರದಲ್ಲಿ, ಹೋಪಾ ಊರಿನ ಸುತ್ತ ಹೆಮ್‌ಶಿನ್ ಎಂಬ ಜನರಿದ್ದಾರೆ. ತಲೆತಲಾಂತರದಿಂದ ಮುಸ್ಲಿಮರು. ಅವರ ಮನೆಮಾತು ಅರ್ಮೇನಿಯನ್‌ನ ಒಂದು ಉಪಭಾಷೆ. ಅವರಲ್ಲಿ ಅನೇಕರು ಅದನ್ನು ಹಾಗೆಂದು ಕರೆಯಲು ಇಷ್ಟಪಡುವುದಿಲ್ಲ. ನಮ್ಮದು ಹೆಮ್‌ಶಿನ್ ಮಾತು ಎನ್ನುತ್ತಾರೆ. ರಕ್ತ, ಧರ್ಮ, ಲಿಪಿ, ಹೆಸರು ಯಾವ ಗೆರೆ ಎಳೆದರೂ ಮಾತು ಅದನ್ನು ದಾಟಿ ಆಚೆ ನಿಂತಿರುತ್ತದೆ. ಹದಿನೆಂಟನೆಯ ಶತಮಾನದ ಗಾಯಕ ಕವಿ ಸಾಯತ್-ನೋವಾ ಅರ್ಮೇನಿಯನ್, ಜಾರ್ಜಿಯನ್, ಅಜರ್‌ಬೈಜಾನಿ ಮೂರೂ ಭಾಷೆಗಳಲ್ಲಿ ಹಾಡು ಕಟ್ಟಿದವನು. ಆ ಮೂರೂ ಜನ ಅವನನ್ನು ತಮ್ಮವನೆನ್ನುತ್ತಾರೆ. 1988ರ ನಂತರದ ಮೂರು ವರ್ಷಗಳಲ್ಲಿ ಅರ್ಮೇನಿಯಾದಲ್ಲಿದ್ದ ಅಜರ್‌ಬೈಜಾನಿಗಳು ಹೆಚ್ಚುಕಡಿಮೆ ಪೂರ್ತಿ ಊರು ಬಿಟ್ಟರು, ಅಜರ್‌ಬೈಜಾನಿನಲ್ಲಿದ್ದ ಅರ್ಮೇನಿಯನ್ನರೂ ಬಿಟ್ಟರು. 2023ರ ಸೆಪ್ಟೆಂಬರಿನಲ್ಲಿ ಕೆಲವೇ ದಿನಗಳಲ್ಲಿ ನಾಗೊರ್ನೊ-ಕರಾಬಾಖ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಹೊರಟುಹೋದರು. ನೆರೆಯವನ ಮಾತನ್ನು ಬೇಲಿಯ ಮೇಲಿಂದಲೇ ಕಲಿತ ಮುದುಕರು ಎರಡೂ ಕಡೆ ಇದ್ದಾರೆ. ಈಗ ಅವರಿಗೆ ಆ ಮಾತನ್ನು ಆಡಲು ನೆರೆಯವನಿಲ್ಲ.

ಒಳಗಿನವರು-ಹೊರಗಿನವರು ಎಂಬ ಈ ಮಾತು ನಮಗೆ ದೂರದ್ದೇನೂ ಅಲ್ಲ. ಬ್ಯಾರಿಯೋ ನವಾಯತಿಯೋ ದಖನಿಯೋ ಮನೆಯಲ್ಲಿ ಆಡಿ, ಕನ್ನಡ ಶಾಲೆಯಲ್ಲಿ ಕಲಿತು, ಕನ್ನಡದಲ್ಲೇ ಯೋಚಿಸಿ ಬರೆಯುವ ಮುಸ್ಲಿಮನಿಗೆ ಒಂದಲ್ಲ ಒಂದು ದಿನ ಯಾರಾದರೂ ಪ್ರೀತಿಯಿಂದಲೇ ಹೇಳುತ್ತಾರೆ: "ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ!" ಹೇಳುವವರಲ್ಲಿ ಕೆಟ್ಟ ಮನಸ್ಸಿರುವುದಿಲ್ಲ. ಆದರೆ ಆ ಹೊಗಳಿಕೆಯಲ್ಲಿ ಒಂದು ಹೊಸ್ತಿಲಿದೆ. ನೀವು ಅದರ ಆಚೆಯಿಂದ ಬಂದವರು ಎಂಬ ಸೂಚನೆಯಿದೆ. ಅಮ್ಮೊ ನಮ್ಮ ಅರ್ಮೇನಿಯನ್ ಅನ್ನು ಹೊಗಳಿದಾಗ ನಮಗೆ ಸಂತೋಷವಾಯಿತು, ಏಕೆಂದರೆ ಅಲ್ಲಿ ನಾವು ನಿಜವಾಗಿಯೂ ಹೊಸ್ತಿಲಾಚೆಯವರು. ಅದೇ ಹೊಗಳಿಕೆ ಕನ್ನಡದಲ್ಲಿ ಬಂದಾಗ ಚುಚ್ಚುತ್ತದೆ, ಏಕೆಂದರೆ ಇಲ್ಲಿ ನಾವು ಒಳಗೇ ಹುಟ್ಟಿದವರು. ಶಬ್ದಗಳು ಒಂದೇ, ನ್ಯಾಯ ಬೇರೆ. ಹೊರಗಿನವನನ್ನು ಬರಮಾಡಿಕೊಳ್ಳುವ ಔದಾರ್ಯವನ್ನು ಮನೆಯವನಿಗೆ ತೋರಿಸಿದರೆ ಅದು ಔದಾರ್ಯವಾಗಿ ಉಳಿಯುವುದಿಲ್ಲ.

ಋಣದ ಪ್ರಶ್ನೆಗೆ ಮರಳೋಣ. ಇಂದು ದುಡ್ಡು ಕೊಟ್ಟು ಗಂಟೆಯ ಲೆಕ್ಕದಲ್ಲಿ ಮಾತೃಭಾಷಿಕರಿಂದ ಮಾತು ಕಲಿಯುವ ಅನುಕೂಲವಿದೆ. ಕಂಪ್ಯೂಟರಿನ ಆಚೆ ತುದಿಯಲ್ಲಿ ಯೆರೆವಾನಿನವರೋ ಬೈರುತ್‌ನವರೋ ಕುಳಿತಿರುತ್ತಾರೆ. ಶುಲ್ಕ ಕೊಟ್ಟಾಯಿತು, ಇನ್ನೆಲ್ಲಿಯ ಋಣ ಎಂದು ಕೇಳಬಹುದು. ಶುಲ್ಕವನ್ನು ನಾವು ಹೀಗಳೆಯುವುದಿಲ್ಲ. ಕಲಿಸುವವರ ಮನೆಯಲ್ಲೂ ಒಲೆ ಉರಿಯಬೇಕು, ಪುಕ್ಕಟೆ ಕಲಿಸಿ ಎಂದು ಕೇಳುವವರಿಗಿಂತ ದುಡ್ಡು ಕೊಡುವವರು ಎಷ್ಟೋ ಮೇಲು. ಆದರೆ ಶುಲ್ಕ ಗಂಟೆಯ ಬೆಲೆ. ಆ ಗಂಟೆಯಲ್ಲಿ ಒಬ್ಬರು 'ತ್ಸಾವ್ತ್ ದಾನಿಮ್' ಎಂಬ ಮಾತನ್ನು ಹೇಳಿಕೊಟ್ಟರೆ? ಅರ್ಮೇನಿಯನ್ನರು ಪ್ರೀತಿಯಿಂದ ಆಡುವ ಮಾತು ಅದು. 'ನಿನ್ನ ನೋವನ್ನು ನಾನು ಹೊತ್ತೊಯ್ಯುತ್ತೇನೆ' ಎಂದು ಅದರ ಅಕ್ಷರಾರ್ಥ. ಹುಬ್ಬಳ್ಳಿಯ ಗೆಳೆಯನಿಗೆ ಅದನ್ನು ವಿವರಿಸಬೇಕಾಗಲೇ ಇಲ್ಲ. ಅವನ ಅಜ್ಜಿ ಮೊಮ್ಮಕ್ಕಳ ಕೆನ್ನೆ ಸವರಿ ತನ್ನ ಕಿವಿಯ ಬಳಿ ನೆಟಿಗೆ ಮುರಿದುಕೊಂಡು 'ಬಲಾ' ತೆಗೆದುಕೊಳ್ಳುತ್ತಿದ್ದಳಂತೆ, ಮಗುವಿಗೆ ಬರುವ ಕೇಡು ತನಗೆ ಬರಲಿ ಎಂದು. ಇಂಥ ಮಾತನ್ನು ಯಾವ ದರದಲ್ಲಿ ಕೊಳ್ಳುವುದು?

ಅರ್ಮೇನಿಯನ್ನರಲ್ಲಿ ಧನ್ಯವಾದಕ್ಕೆ ಇರುವ ಶಬ್ದವೂ ಇದನ್ನೇ ಹೇಳುವಂ­ತಿದೆ. 'ಶ್ನೊರ್ಹಾಗಾಲ್ ಎಮ್', ಅಂದರೆ 'ನಿಮ್ಮ ಅನುಗ್ರಹವನ್ನು ಹಿಡಿದುಕೊಂಡಿದ್ದೇನೆ'. ಮರಳಿಸಿದೆ ಎಂದಲ್ಲ, ಹಿಡಿದುಕೊಂಡಿದ್ದೇನೆ ಎಂದು. ಇಷ್ಟು ಘನವಾದ ಶಬ್ದ ಇಟ್ಟುಕೊಂಡೂ ದಿನನಿತ್ಯದ ಮಾತಿನಲ್ಲಿ ಅವರು ಫ್ರೆಂಚರಿಂದ ಬಂದ 'ಮೆರ್ಸಿ' ಎಂದು ಹಗುರವಾಗಿ ಹೇಳಿ ಮುಗಿಸುತ್ತಾರೆ. ಘನ ಶಬ್ದವನ್ನು ಪೂರ್ತಿ ಉಚ್ಚರಿಸುವವನು ಹೊರಗಿನವನೆಂದು ಆಗಲೇ ಗೊತ್ತಾಗಿಬಿಡುತ್ತದೆ.

ಈ ಇಡೀ ವಿಷಯದಲ್ಲಿ ನಮಗೆ ಅತ್ಯಂತ ಕಷ್ಟವೆನಿಸಿದ ಸಂಗತಿ ಬೇರೆಯೇ. ಅಮ್ಮೊ ಅವರಿಗೆ ಒಬ್ಬ ಮೊಮ್ಮಗನಿದ್ದ, ಹನ್ನೆರಡು ವರ್ಷದವನು. ಶಾಲೆ ಮುಗಿಸಿ ಅಂಗಡಿಗೆ ಬಂದು ಒಂದು ಮೂಲೆಯಲ್ಲಿ ಕೂರುತ್ತಿದ್ದ. ಅಜ್ಜ ಅರ್ಮೇನಿಯನ್‌ನಲ್ಲಿ ಕೇಳಿದರೆ ಅವನ ಉತ್ತರ ಇಂಗ್ಲಿಷಿನಲ್ಲಿ. ಅಜ್ಜ ನಮ್ಮತ್ತ ಕೈತೋರಿಸಿ, "ನೋಡು, ಹಿಂದುಸ್ತಾನದಿಂದ ಬಂದವರು ಕಲಿಯುತ್ತಿದ್ದಾರೆ" ಎನ್ನುತ್ತಿದ್ದರು. ಹುಡುಗನ ಮುಖ ಇನ್ನಷ್ಟು ಬಿಗಿಯುತ್ತಿತ್ತು. ಬ್ಯಾರಿ ಮನೆಗಳಲ್ಲೂ ಇದನ್ನು ಕಾಣುವವರು ನಾವು: 2007ರಲ್ಲಿ ಬ್ಯಾರಿಗೆ ಅಕಾಡೆಮಿ ಬಂತು, ಅದೇ ಹೊತ್ತಿಗೆ ಮಕ್ಕಳ ಬಾಯಲ್ಲಿ ಇಂಗ್ಲಿಷೂ ಬಂತು. ಆದರೆ ಇಲ್ಲಿ ನಾವೇ ಆ ಮಗುವಿಗೆ ಹೋಲಿಕೆಯ ಕೋಲಾಗಿದ್ದೆವು. ನಮಗೆ ಹವ್ಯಾಸವಾಗಿದ್ದದ್ದು ಅವನಿಗೆ ಹೊರೆ. ನಮಗೆ ಯಾವಾಗ ಬೇಕಾದರೂ ಬಿಟ್ಟು ಹೋಗುವ ಸ್ವಾತಂತ್ರ್ಯವಿತ್ತು. ಅವನು ಬಿಟ್ಟರೆ ನೂರು ವರ್ಷಗಳಿಂದ ಹೊತ್ತು ತಂದದ್ದು ಕೆಳಗೆ ಬಿದ್ದಂತೆ. ಹನ್ನೆರಡು ವರ್ಷದ ಹೆಗಲಿಗೆ ಇಷ್ಟು ಭಾರ ಹೊರಿಸುವುದು ನ್ಯಾಯವೇ ಎಂದು ಕೇಳಿದರೆ ಅಲ್ಲ ಎನ್ನಬೇಕು. ಹೊರಿಸದೆ ಬಿಟ್ಟರೆ ನ್ಯಾಯವೇ ಎಂದು ಅಜ್ಜ ಕೇಳಿದರೆ ಅದಕ್ಕೂ ಹೌದು ಎನ್ನಲಾಗದು.

ನಾವು ಈ ಬಗ್ಗೆ ಕೋಣೆಯಲ್ಲಿ ಬಹಳ ಮಾತಾಡಿಕೊಂಡೆವು. ಪಾಠ ನಿಲ್ಲಿಸಿಬಿಡೋಣ ಎಂದು ಒಬ್ಬ ಹೇಳಿದ. ನಿಲ್ಲಿಸಿದರೆ ಅಮ್ಮೊ ಅವರ ಸಂಜೆಗಳು ಖಾಲಿಯಾಗುತ್ತಿದ್ದವು. ಕಡೆಗೆ ಹುಬ್ಬಳ್ಳಿಯವನೇ ಒಂದು ಉಪಾಯ ಮಾಡಿದ, ಅದನ್ನು ಉಪಾಯ ಎಂದು ಅವನು ಎಂದೂ ಹೇಳಲಿಲ್ಲ. ಗೊತ್ತಿಲ್ಲದ ಶಬ್ದವನ್ನು ಅಜ್ಜನ ಬದಲು ಹುಡುಗನ ಹತ್ತಿರ ಕೇಳತೊಡಗಿದ. ಮೊದಲ ವಾರ ಹುಡುಗ ಹೆಗಲು ಕುಣಿಸಿ ಸುಮ್ಮನಾದ. ಒಂದು ಸಂಜೆ ಗೆಳೆಯ ಗಾಜಿನ ಮೇಲಿದ್ದ ಉಂಗುರದ ಡಬ್ಬಿಗಳನ್ನು ಎಣಿಸುತ್ತಿದ್ದ: ಮೆಗ್, ಯೆರ್ಗು, ಯೆರೆಕ್, ಚೋರ್ಸ್, ಹಿಂಕ್. ಐದಕ್ಕೆ ನಿಂತ. "ವೆತ್ಸ್" ಎಂದಿತು ಮೂಲೆಯಿಂದ ಒಂದು ದನಿ. ಹುಡುಗ ಮೊಬೈಲಿನಿಂದ ಕಣ್ಣು ತೆಗೆದಿರಲಿಲ್ಲ. ಅಮ್ಮೊ ಕೇಳಿಸಿಕೊಂಡರೋ ಇಲ್ಲವೋ, ಅವರ ಕೈಯ ಉಳಿ ನಿಲ್ಲಲಿಲ್ಲ. ಗೆಳೆಯ ಆರನೆಯ ಡಬ್ಬಿಯನ್ನು ಸರಿಸಿ, ಏಳನೆಯದರ ಮೇಲೆ ಬೆರಳಿಟ್ಟು ಕಾದ.